ಆರು ಬೀಗಗಳ ಗೇಟು

ಅವಳನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಸಂಬಳದ ಚೀಟಿಯಲ್ಲಿ ಮಾತ್ರ ‘ನದಿ ಜಮೀನು ಪಾಲಕಿ’ ಎಂದಿತ್ತು. ಆ ಪದವನ್ನು ಕಚೇರಿಯ ಗುಮಾಸ್ತ ಬಿಟ್ಟರೆ ಬೇರೆ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ.

ನದಿಯ ಎಡದಂಡೆಯಲ್ಲಿ ಎರಡು ಮೈಲಿ ಉದ್ದದ ಸರ್ಕಾರಿ ಜಮೀನು. ಮರಳದಿಬ್ಬ, ಜೊಂಡಿನ ಬಯಲು, ಹಳೆಯ ದೋಣಿಗಟ್ಟೆ, ಒಂದಷ್ಟು ಕುರುಚಲು ಕಾಡು. ನಡೆದು ಹೋಗುವವರಿಗೆ ಪಕ್ಕದ ಸಂದಿ ಯಾವಾಗಲೂ ತೆರೆದಿರುತ್ತಿತ್ತು. ಗಾಡಿ ಒಳಗೆ ಹೋಗಬೇಕಾದರೆ ಕಬ್ಬಿಣದ ಗೇಟು ತೆಗೆಯಬೇಕು. ಆ ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಬೀಗದಕ್ಕ, ಅವಳ ಗಂಡ ಮತ್ತು ಮಗಳು ವಾಸವಾಗಿದ್ದರು. ಗಂಡ ಜೊಂಡು ಕೊಯ್ದು ಚಾಪೆ ನೇಯುವವನು. ಮಗಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

ಬೀಗದಕ್ಕನ ಕೆಲಸದಲ್ಲಿ ಅರ್ಧ ಭಾಗ ಜನರಿಗೆ ಆಗಲ್ಲ ಅನ್ನುವುದು. ನಾಯಿಯ ಹುಟ್ಟುಹಬ್ಬಕ್ಕೆ ಶಾಮಿಯಾನ ಹಾಕಬೇಕೆಂದು ಒಬ್ಬರು ಅರ್ಜಿ ಹಿಡಿದು ಬರುತ್ತಿದ್ದರು. ಜೊಂಡಿಗೆ ಬೆಂಕಿ ಹಚ್ಚಿ ಅದರ ಮುಂದೆ ನಿಂತು ಮದುವೆ ಫೋಟೋ ತೆಗೆಸಿಕೊಳ್ಳಬೇಕೆಂದು ಇನ್ನೊಬ್ಬರು. “ಬೆಂಕಿ ಹಚ್ಚಿ ನಿಂತ್ಕೊಳ್ಳೋಕೆ ಮದುವೆ ಆದ್ಮೇಲೆ ಬೇಕಾದಷ್ಟು ಟೈಮ್ ಇರುತ್ತೆ ಕಣಪ್ಪಾ, ಈಗ್ಲೇ ಯಾಕೆ?” ಎಂದು ಅವಳು ಅರ್ಜಿ ವಾಪಸು ಕೊಡುತ್ತಿದ್ದಳು. ಬೈಸಿಕೊಂಡವರೂ ನಗುತ್ತಲೇ ಹೋಗುತ್ತಿದ್ದರು.

ಉಳಿದ ಅರ್ಧ ಭಾಗ ಸರಪಳಿ.

ಗೇಟಿನ ಸರಪಳಿಗೆ ಒಂದಲ್ಲ, ಆರು ಬೀಗ. ಒಂದರ ಕೊಂಡಿಗೆ ಇನ್ನೊಂದರ ಕೊಂಡಿ ಸಿಕ್ಕಿಸಿ ಪೋಣಿಸಿದ ಬೀಗಗಳು. ಕಚೇರಿಯದ್ದು, ಜೇನು ಸಾಕುವವರದ್ದು, ಜೊಂಡಿನವರದ್ದು, ಮೀನಿನವರದ್ದು, ಆಂಬುಲೆನ್ಸು ಮತ್ತು ಬೆಂಕಿ ಆರಿಸುವವರಿಗೆಂದು ಕೆಂಪು ಬಣ್ಣ ಬಳಿದ ತುರ್ತು ಬೀಗ, ಕೊನೆಗೆ ದೋಣಿ ಕ್ಲಬ್ಬಿನದ್ದು. ಯಾರು ತಮ್ಮ ಬೀಗ ತೆಗೆದರೂ ಸರಪಳಿ ಅಲ್ಲಿಗೆ ಬಿಚ್ಚಿಕೊಳ್ಳುತ್ತದೆ. ಒಬ್ಬರ ಕೀಲಿಗೆ ಇನ್ನೊಬ್ಬರು ಕೈಚಾಚಬೇಕಾಗಿಲ್ಲ. ಆದರೆ ಮತ್ತೆ ಹಾಕುವಾಗ ಎಚ್ಚರ ಬೇಕು. ಪಕ್ಕದ ಬೀಗವನ್ನು ಬಿಟ್ಟು ಅದರಾಚೆಯ ಬೀಗಕ್ಕೆ ಸಿಕ್ಕಿಸಿದರೆ, ಮಧ್ಯದ್ದು ಕಿವಿಯ ಓಲೆಯಂತೆ ಸುಮ್ಮನೆ ನೇತಾಡುತ್ತದೆ. ಅದರ ಕೀಲಿ ತಿರುಗುತ್ತದೆ, ಬೀಗ ಬಿಚ್ಚುತ್ತದೆ, ಗೇಟು ಮಾತ್ರ ತೆರೆಯುವುದಿಲ್ಲ.

ಅದಕ್ಕೇ ಅವಳು ದಿನಕ್ಕೆ ಎರಡು ಸಲ ಸರಪಳಿಯ ಮುಂದೆ ನಿಂತು ಒಂದೊಂದೇ ಬೀಗ ಜಗ್ಗಿ ಹಾಜರಿ ಕರೆಯುತ್ತಿದ್ದಳು. “ಕಚೇರಿ, ಜೇನು, ಜೊಂಡು, ಮೀನು, ತುರ್ತು, ದೋಣಿ.” ಇಪ್ಪತ್ತೆರಡು ವರ್ಷ ಹೀಗೆ ಕರೆದಳು. ಗಂಡ ಒಳಗಿದ್ದರೂ ಸರಿ, ಹೊರಗಿದ್ದರೂ ಸರಿ, ಒಂದು ಕೂಗು ಹಾಕುತ್ತಿದ್ದ.

“ಎಣಿಸಿದ್ಯಾ?”

“ಎಣಿಸ್ದೆ.”

ಇಷ್ಟೇ. ಕೆಲವು ದಂಪತಿಗಳು ಊಟ ಆಯ್ತಾ ಅಂತ ಕೇಳಿಕೊಳ್ಳುತ್ತಾರೆ. ಇವರದ್ದು ಹೀಗಿತ್ತು.

ಈ ಸರಪಳಿ ಯಾವ ಸಾಹೇಬರ ತಲೆಯಿಂದಲೂ ಇಳಿದು ಬಂದದ್ದಲ್ಲ. ಹಿಂದೆ ಗೇಟಿಗೆ ಒಂದೇ ಬೀಗ, ಅದರ ಕೀಲಿ ಅಧಿಕಾರಿಯ ಡ್ರಾಯರಿನಲ್ಲಿ. ಅಧಿಕಾರಿ ಬರುತ್ತಿದ್ದುದು ಹನ್ನೊಂದಕ್ಕೆ. ಜೊಂಡನ್ನು ಇಬ್ಬನಿ ಆರುವ ಮುಂಚೆ ಕೊಯ್ಯಬೇಕು, ಬಿಸಿಲೇರಿದರೆ ಮುರಿಯುತ್ತದೆ. ಮೀನು ಅಂತೂ ಹನ್ನೊಂದರ ತನಕ ಯಾರ ಸಹಿಗೂ ಕಾಯುವುದಿಲ್ಲ. ಜನ ಗೇಟಿನ ಮುಂದೆ ಕೂತರು. ನಲವತ್ತೊಂದು ದಿನ. ಆಗ ಬೀಗದಕ್ಕ ಇಪ್ಪತ್ತಮೂರರ ಹುಡುಗಿ, ಮೀನಿನವರ ಮನೆಯವಳು, ಬಾಯಿ ಕತ್ತರಿ. ಕೂತವರ ಅಡಿಗೆ ಹಾಸಲು ಚಾಪೆ ಹೊತ್ತು ತಂದವನು ಜೊಂಡಿನವರ ಪೈಕಿ ಒಬ್ಬ. ಪೊಲೀಸರು ಲಾಠಿ ಬೀಸಿದ ದಿನ ಅವನು ಚಾಪೆ ಸುತ್ತಿ ಅವಳ ಬೆನ್ನಿಗೆ ಅಡ್ಡ ಹಿಡಿದ. “ಇದೇನು, ನನ್ನನ್ನ ಮಾರೋಕೆ ಕಟ್ತಾ ಇದ್ದೀಯಾ?” ಅಂದಳು ಅವಳು. “ಯಾರು ಕೊಳ್ತಾರೆ, ಈ ಬಾಯಿ ಇಟ್ಕೊಂಡಿರೋಳನ್ನ?” ಅಂದ ಅವನು. ಮದುವೆ ಅಲ್ಲಿಗೇ ಗೊತ್ತಾಯಿತು ಅಂತ ಆಮೇಲೆ ಜನ ಹೇಳಿದರು.

ಮಾತುಕತೆಗೆ ಬಂದ ಅಧಿಕಾರಿ, ಸರ್ಕಾರಿ ಜಮೀನಿಗೆ ಬೀಗ ಇರಲೇಬೇಕು ಅಂತ ಹಟ ಹಿಡಿದ. “ಇರ್ಲಿ ಸ್ವಾಮಿ, ಬೇಡ ಅಂದೋರ್ಯಾರು? ನಿಮ್ದೊಂದು ಇರ್ಲಿ, ನಮ್ದೂ ಒಂದೊಂದು ಇರ್ಲಿ,” ಅಂದಳು ಅವಳು. ಅಲ್ಲೇ ನಿಂತಿದ್ದ ಸೈಕಲ್ಲುಗಳ ಬೀಗ ಬಿಚ್ಚಿ ಪೋಣಿಸಿ ತೋರಿಸಿದಳು. ಒಪ್ಪಂದವಾಯಿತು. ಸರಪಳಿ ನೋಡಿಕೊಳ್ಳಲು ಜನರ ಕಡೆಯಿಂದಲೇ ಒಬ್ಬರು ಇರಬೇಕು ಎಂದೂ ಬರೆದರು. ಆ ಒಬ್ಬರು ಅವಳೇ ಆದಳು. ಹೋರಾಟ ಗೆದ್ದವರಿಗೆ ಸಿಗುವುದು ಸಾಮಾನ್ಯವಾಗಿ ಒಂದು ಗುಂಪು ಫೋಟೋ ಮತ್ತು ಮಂಡಿನೋವು. ಇವರಿಗೆ ನಿಜವಾದ ಗೇಟೊಂದು ಸಿಕ್ಕಿತ್ತು.

ಇಪ್ಪತ್ತೆರಡು ವರ್ಷದ ಮೇಲೆ ಒಂದು ದಿನ ಬೆಳಿಗ್ಗೆ ಕಪ್ಪು ಕನ್ನಡಕದವನೊಬ್ಬ ಜೀಪಿನಲ್ಲಿ ಬಂದ. ಸೋಪಿನ ಜಾಹೀರಾತು ತೆಗೆಯುವ ಕಂಪನಿಯ ಮ್ಯಾನೇಜರು. ಮಾರನೆಯ ದಿನದಿಂದ ಮೂರು ದಿನ ಮರಳದಿಬ್ಬದ ಮೇಲೆ ಚಿತ್ರೀಕರಣ. ವಿಶೇಷ ಬಳಕೆಯ ಪರವಾನಗಿ ಅಂತ ಕಚೇರಿಯ ಕಾಗದ ಕೈಯಲ್ಲಿತ್ತು. ಅದರಲ್ಲಿ ‘ತಾತ್ಕಾಲಿಕ ಬೀಗ ಅಳವಡಿಸಿಕೊಡುವುದು’ ಎಂದು ಬರೆದಿತ್ತು. ಅವಳಿಗೆ ಅಂದು ಕಚೇರಿಯಲ್ಲಿ ತಿಂಗಳ ಮೀಟಿಂಗು, ಅದೊಂದು ದಿನ ಮಾತ್ರ ಕಚೇರಿ ಬೇಗ ತೆರೆಯುತ್ತಿತ್ತು, ಎಂಟೂವರೆಯ ಬಸ್ಸು ಹಿಡಿಯಬೇಕು. ಎಂಟೂ ಇಪ್ಪತ್ತಾಗಿತ್ತು.

“ಬೇಗ ಹಾಕ್ಕೊಡಿ ಮೇಡಂ, ಒಂದು ಬೀಗಕ್ಕೆ ಇಷ್ಟೊತ್ತಾ?”

“ನಿಮ್ಮ ಸೋಪು ಒಂದು ದಿನ ತಡವಾಗಿ ನೊರೆ ಬಂದ್ರೆ ಯಾರೂ ಕೊಳಕಾಗಲ್ಲ, ಇರಪ್ಪಾ.”

ಪಾಲಕಿಯ ಹತ್ತಿರ ಎಲ್ಲ ಬೀಗಗಳ ಎರಡನೆಯ ಕೀಲಿ ಇರುತ್ತಿತ್ತು. ಮೀನಿನ ಬೀಗಕ್ಕೂ ತುರ್ತು ಬೀಗಕ್ಕೂ ನಡುವೆ ಹೊಸದನ್ನು ಸೇರಿಸಬೇಕೆಂದು ಅವಳು ತುರ್ತು ಬೀಗ ತೆಗೆದಳು, ಮತ್ತೆ ಒತ್ತಿದಳು, ಹೊಸ ಬೀಗ ಸಿಕ್ಕಿಸಿದಳು. ಮ್ಯಾನೇಜರು ತನ್ನ ಕೀಲಿ ಹಾಕಿ ನೋಡಿದ. ಗೇಟು ತೆರೆಯಿತು. ಸರಿ ಇದೆ ಅಂತ ಅವನು ಜೀಪು ತಿರುಗಿಸಿಕೊಂಡು ಹೋದ, ಬೀಗ ಮತ್ತೆ ಸಿಕ್ಕಿಸಿ ಒತ್ತಿದ್ದು ಅವಳೇ.

ಅಷ್ಟರಲ್ಲಿ ಗಂಡ ತಳ್ಳುಗಾಡಿ ನೂಕಿಕೊಂಡು ಬಂದ, ಜೊತೆಗೆ ಮೈದುನ. ಮೈದುನ ಮಾತು ಕಡಿಮೆಯ ಮನುಷ್ಯ, ಅಣ್ಣನ ನೆರಳು. ಗಂಡ ಜೊಂಡಿನ ಬೀಗ ತೆಗೆದು ಒಳಗೆ ಹೋಗಿ, ಹಾಕಿಕೊಂಡ. ಆಗಲೇ ಬಸ್ಸಿನ ಕಡೆ ಹೆಜ್ಜೆ ಹಾಕುತ್ತಿದ್ದ ಅವಳ ಬೆನ್ನಿಗೆ ಕೂಗಿದ.

“ಎಣಿಸಿದ್ಯಾ?”

“ಎಣಿಸ್ದೆ!”

ಅವಳು ಎಣಿಸಿರಲಿಲ್ಲ.

ಹತ್ತು ಗಂಟೆ ಸುಮಾರಿಗೆ ಜೊಂಡಿನ ನಡುವೆ ಅವನು ಎದೆ ಹಿಡಿದುಕೊಂಡು ಕುಸಿದ. ಮೈದುನ ಆಂಬುಲೆನ್ಸಿಗೆ ಫೋನ್ ಮಾಡಿದ. ಅವರು ಹೇಳಿಕೊಟ್ಟ ಹಾಗೆ ಅಣ್ಣನ ಎದೆ ಒತ್ತುತ್ತ ಕೂತ. ಆಂಬುಲೆನ್ಸಿನವರ ಹತ್ತಿರ ಅವರದ್ದೇ ಕೀಲಿ ಇದೆ ಅಂತ ಅವನಿಗೆ ಗೊತ್ತಿತ್ತು. ಅವರು ಹನ್ನೆರಡು ನಿಮಿಷಕ್ಕೆಲ್ಲ ಗೇಟಿಗೆ ಬಂದರು. ಕೆಂಪು ಬೀಗಕ್ಕೆ ಕೀಲಿ ಹಾಕಿದರು. ಬೀಗ ಬಿಚ್ಚಿ ಕೈಗೆ ಬಂತು. ಸರಪಳಿ ಇದ್ದ ಹಾಗೇ ಇತ್ತು.

ಪಾಲಕಿಯ ನಂಬರಿಗೆ ಐದು ಸಲ ಫೋನ್ ಮಾಡಿದರು. ಮೀಟಿಂಗಿನಲ್ಲಿ ಫೋನ್ ಆರಿಸಿಡಬೇಕು ಎಂಬುದು ಕಚೇರಿಯ ನಿಯಮ. ಆ ಹೊತ್ತಿನಲ್ಲಿ ಅಲ್ಲಿ ಫಲಕಗಳಿಗೆ ಹಸಿರು ಬಳಿಯಬೇಕೋ ನೀಲಿ ಬಳಿಯಬೇಕೋ ಎಂಬ ಚರ್ಚೆ ನಡೆಯುತ್ತಿತ್ತು. ಅವಳು ನೀಲಿ ಎಂದಿದ್ದಳು.

ಆಂಬುಲೆನ್ಸಿನ ಇಬ್ಬರು ಸ್ಟ್ರೆಚರ್ ಹಿಡಿದು ಸಂದಿಯಿಂದ ಓಡಿದರು. ಒಂದೂವರೆ ಮೈಲಿ, ಮೊಣಕಾಲುದ್ದ ಕೆಸರು. ಅವರು ಮುಟ್ಟಿದಾಗ ಮೈದುನ ಇನ್ನೂ ಒತ್ತುತ್ತಲೇ ಇದ್ದ. ಅವನ ಕೈ ಹಿಡಿದು ನಿಲ್ಲಿಸಬೇಕಾಯಿತು. “ಇಪ್ಪತ್ತು ನಿಮಿಷ ಮುಂಚೆ ಸಿಕ್ಕಿದ್ರೆ ನೋಡ್ಬಹುದಿತ್ತು,” ಅಂದರು ಆಸ್ಪತ್ರೆಯ ಡಾಕ್ಟರು. ಡಾಕ್ಟರುಗಳು ಇಂಥದ್ದನ್ನು ಹೇಳದೆ ಇರಬಹುದು. ಹೇಳಿಬಿಡುತ್ತಾರೆ.

ಹದಿನೈದು ದಿನ ಮನೆ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಸರಪಳಿ ಕೊನೆಗೆ ಮುಟ್ಟಿದವರು ಯಾರು? ಉತ್ತರವೂ ಎಲ್ಲರಿಗೂ ಗೊತ್ತಿತ್ತು. ಅವನೇ. ಕೊನೆಗೆ ಜೊಂಡಿನ ಬೀಗ ತೆಗೆದು ಹಾಕಿದ್ದು ತೀರಿಹೋದವನೇ. “ತನ್ನ ಸಾವಿಗೆ ತಾನೇ ಬೀಗ ಹಾಕ್ಕೊಂಡ ನೋಡು” ಅಂತ ಯಾರೋ ಹಿತ್ತಿಲಲ್ಲಿ ಅಂದದ್ದು ಅವಳ ಕಿವಿಗೂ ಬಿತ್ತು. ಅವಳು ತಿರುಗಿ ನೋಡಲಿಲ್ಲ. ಆಗ ಅವಳಿಗೆ ಏನೂ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಾನು ಎಣಿಸದೆ ಹೋದದ್ದು ನೆನಪಿತ್ತು. ಅದನ್ನು ಎತ್ತಿ ನೋಡುವ ಧೈರ್ಯ ಇರಲಿಲ್ಲ, ಅಷ್ಟೇ.

ಮೈದುನ ಒಂದು ಮಧ್ಯಾಹ್ನ ಬಂದು ಹೊಸ್ತಿಲ ಮೇಲೆ ಕೂತ. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

“ಅತ್ತಿಗೆ, ಕೀಲಿ ಅಣ್ಣನ ಜೇಬಲ್ಲೇ ಇತ್ತು.”

“ಗೊತ್ತು.”

“ನಾನು ಅದನ್ನ ತಗೊಂಡು ಗೇಟಿಗೆ ಓಡಿದ್ರೆ ಜೊಂಡಿನ ಬೀಗ ತೆಗೀಬಹುದಿತ್ತು. ಗಾಡಿ ಒಳಗೆ ಬರ್ತಿತ್ತು. ನಾನು ಪೆದ್ದನ ಹಾಗೆ ಒತ್ತುತ್ತಾ ಕೂತೆ. ನಾನೇ ಕೊಂದೆ ಅತ್ತಿಗೆ ಅಣ್ಣನ್ನ.”

“ಸುಮ್ನಿರು. ಬಿಟ್ಟು ಓಡಿದ್ರೆ ಅಷ್ಟೂ ಹೊತ್ತು ಇರ್ತಿರಲಿಲ್ಲ ಅವರು.”

ಅವನ ಅಂಗೈಯ ಬುಡದಲ್ಲಿ ಚರ್ಮ ಕಿತ್ತು ಕಪ್ಪಾಗಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

ಆಮೇಲೆ ಅಧಿಕಾರಿ ಸ್ವತಃ ಮನೆಗೆ ಬಂದರು. ಹೊಸಬರು, ಮೃದು ಮಾತಿನವರು, ಚಪ್ಪಲಿ ಹೊರಗೆ ಬಿಟ್ಟು ಬಂದರು. ಮೃದು ಮಾತಿನ ಅಧಿಕಾರಿಗಳಿಗೆ ಹೆಚ್ಚು ಹೆದರಬೇಕು ಎಂಬುದನ್ನು ಅವಳು ನಲವತ್ತೊಂದು ದಿನದಲ್ಲಿ ಕಲಿತಿದ್ದಳು.

“ನೋಡಮ್ಮ, ತೀರಿಹೋದವರ ಮೇಲೆ ಕಚೇರಿ ಯಾವ ಕ್ರಮಾನೂ ತಗೊಳ್ಳಲ್ಲ. ಜೊಂಡಿನವರ ಬೀಗದಿಂದ ಹೀಗಾಯ್ತು ಅಂತ ವಿಚಾರಣೇಲಿ ಒಂದು ಸಾಲು ಬರೆದು ಮುಗಿಸ್ತೀವಿ. ನೀನೊಂದು ಸಹಿ ಹಾಕು. ನಿನ್ನ ಕೆಲಸ, ಮನೆ, ಎಲ್ಲಾ ಹಾಗೇ ಇರುತ್ತೆ.”

“ಜೊಂಡಿನವರ ಬೀಗ?”

“ಅದನ್ನ ತೆಗೀಬೇಕಾಗುತ್ತೆ. ಸುರಕ್ಷತೆ ದೃಷ್ಟಿಯಿಂದ. ಅವರು ಬೇಕಾದ್ರೆ ಕಚೇರಿಗೆ ಬಂದು ಕೀಲಿ ತಗೊಂಡು ಹೋಗ್ಲಿ.”

“ಹನ್ನೊಂದು ಗಂಟೆ ಮೇಲೆ.”

“ಕಚೇರಿ ತೆಗೆದ ಮೇಲೆ,” ಅಂದರು ಅವರು, ಇನ್ನೂ ಮೃದುವಾಗಿ.

ಅವರು ಹೋದಮೇಲೆ ಮಗಳು ಒಳಗಿನಿಂದ ಬಂದಳು. ಅತ್ತು ಕಣ್ಣು ಊದಿತ್ತು, ಮಾತು ಮಾತ್ರ ನೆಟ್ಟಗಿತ್ತು. “ಸಹಿ ಹಾಕಿಬಿಡಮ್ಮ. ಅಪ್ಪಂಗೆ ಇನ್ನೇನೂ ಆಗಲ್ಲ. ನಮಗೆ ಈ ಮನೆ ಬಿಟ್ರೆ ಎಲ್ಲಿದೆ?”

“ನಿಮ್ಮಪ್ಪ ಬೀಗ ತಪ್ಪಾಗಿ ಹಾಕಿರ್ತಾರೆ ಅಂತ ನಿಂಗೆ ಅನ್ಸುತ್ತಾ?”

“ಇಲ್ಲ,” ಅಂದಳು ಮಗಳು. “ಆದ್ರೆ ಯಾರೋ ಹಾಕಿದ್ದಾರಲ್ಲ.”

ವಿಚಾರಣೆ ಕಚೇರಿಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಮೇಜು, ಸದ್ದು ಮಾಡುವ ಫ್ಯಾನು, ಗೋಡೆಗೆ ನದಿ ಜಮೀನಿನ ನಕ್ಷೆ. ಹಿಂದಿನ ಬೆಂಚುಗಳಲ್ಲಿ ಜೊಂಡಿನವರು ಹದಿನಾಲ್ಕು ಜನ, ಗೋಡೆ ಬದಿಗೆ ಮೈದುನ. ಕತ್ತರಿಸಿದ ಸರಪಳಿಯನ್ನು ಗೋಣಿಚೀಲದಲ್ಲಿ ತಂದು ಮೇಜಿನ ಮೇಲೆ ಇಟ್ಟಿದ್ದರು. ಆಂಬುಲೆನ್ಸಿನವರು ಬಿಚ್ಚಿದ ಕೆಂಪು ಬೀಗವನ್ನು ಇದ್ದಲ್ಲಿಗೇ ಒತ್ತಿಟ್ಟಿದ್ದರು. ಅವತ್ತೇ ಕಚೇರಿಯವರು ಬಂದು ಸರಪಳಿಯನ್ನು ಕಬ್ಬಿಣದ ಕತ್ತರಿಯಲ್ಲಿ ತುದಿಗೆ ಕತ್ತರಿಸಿದ್ದರಿಂದ ಬೀಗಗಳ ಸಾಲು ಕೆಟ್ಟಿರಲಿಲ್ಲ. ಕಳೆದ ತಿಂಗಳ ಆ ದಿನ ಬೆಳಿಗ್ಗೆ ಎಂಟೂ ಇಪ್ಪತ್ತೈದಕ್ಕೆ ಹೇಗಿತ್ತೋ ಹಾಗೇ ಇತ್ತು.

ಅಧಿಕಾರಿ ಕಾಗದ ಅವಳ ಕಡೆ ಸರಿಸಿದರು. “ಇಲ್ಲಿ.”

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಗೋಣಿಯ ಬಾಯಿ ಬಿಚ್ಚಿ ಸರಪಳಿಯನ್ನು ಮೇಜಿನ ಮೇಲೆ ಉದ್ದಕ್ಕೆ ಎಳೆದಳು. ಕೈ ತಾನಾಗಿ ಹಾಜರಿ ಕರೆಯಲು ಶುರುಮಾಡಿತು. ಕಚೇರಿ ಜಗ್ಗಿದಳು, ಬಿಗಿಯಾಗಿತ್ತು. ಜೇನು, ಬಿಗಿ. ಜೊಂಡು. ಅವನು ಕೊನೆಯ ಸಲ ಮುಟ್ಟಿದ ಬೀಗ. ಎರಡೂ ಕಡೆ ಸರಿಯಾಗಿ ಸಿಕ್ಕಿತ್ತು, ಒಂದು ಬದಿಗೆ ಜೇನು, ಇನ್ನೊಂದಕ್ಕೆ ಮೀನು. ಮೀನಿನಿಂದ ಸೋಪಿನವರ ಹೊಸ ಬೀಗ. ಹೊಸ ಬೀಗದಿಂದ ನೇರ ದೋಣಿ. ಕೆಂಪು ಬೀಗ ದೋಣಿಯ ಕೊಂಡಿಗೆ ಜೋತುಬಿದ್ದು ಮೇಜಿನ ಅಂಚಿನಿಂದಾಚೆ ತೂಗಾಡುತ್ತಿತ್ತು.

ಆ ಮೇಜಿನ ಸುತ್ತ ಅದನ್ನು ಓದಬಲ್ಲವಳು ಅವಳೊಬ್ಬಳೇ. ಅವಳು ಸುಮ್ಮನೆ ಮಡಚಿ ಗೋಣಿಗೆ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಸಾಹೇಬ್ರೆ, ಸ್ವಲ್ಪ ಇಲ್ಲಿ ನೋಡಿ,” ಅಂದಳು. “ಇದು ಜೊಂಡಿನ ಬೀಗ. ಇದರಲ್ಲಿ ತಪ್ಪಿಲ್ಲ. ತಪ್ಪಿರೋದು ಇಲ್ಲಿ. ಈ ಹೊಸ ಬೀಗ ಕೆಂಪು ಬೀಗಕ್ಕೆ ಸಿಕ್ಕಬೇಕಿತ್ತು, ದೋಣಿ ಬೀಗಕ್ಕೆ ಸಿಕ್ಕಿದೆ. ಕೆಂಪು ಬೀಗ ಸುಮ್ನೆ ನೇತಾಡ್ತಿದೆ.”

“ಅಂದ್ರೆ ಸೋಪಿನವರು—”

“ಅವರು ಕೀಲಿ ತಿರುಗಿಸಿ ನೋಡಿದ್ರು ಅಷ್ಟೇ, ಮತ್ತೆ ಸಿಕ್ಕಿಸಿದ್ದು ಅವರಲ್ಲ. ಇದನ್ನ ಸೇರಿಸೋಕೆ ಕೆಂಪು ಬೀಗ ತೆಗೀಬೇಕು. ಅದರ ಕೀಲಿ ಇರೋದು ಆಂಬುಲೆನ್ಸಲ್ಲಿ ಒಂದು, ಬೆಂಕಿಯವರ ಹತ್ರ ಒಂದು, ನನ್ನ ಹತ್ರ ಒಂದು.”

ಅಧಿಕಾರಿ ಅವಳನ್ನು ನೋಡಿದರು, ಹಿಂದಿನ ಬೆಂಚುಗಳನ್ನು ನೋಡಿದರು, ದನಿ ತಗ್ಗಿಸಿದರು. “ಯೋಚನೆ ಮಾಡಿ ಮಾತಾಡಮ್ಮ. ಇದನ್ನೆಲ್ಲ ಬರ್ಕೊಳ್ತಾರೆ.”

“ಬರ್ಕೊಳ್ಳಿ ಅಂತಾನೇ ಹೇಳ್ತಿರೋದು. ಹಾಕಿದ್ದು ನಾನು. ನನ್ನ ಗಂಡ ಅಲ್ಲ, ಜೊಂಡಿನವರು ಅಲ್ಲ. ನಾನು.”

ಗುಮಾಸ್ತ ಪೆನ್ನು ಓಡದೆ ಎರಡು ಸಲ ಕೊಡವಿದ. ಅವಳು ಮೈದುನನ ಕಡೆ ತಿರುಗಿದಳು. ಅವನು ಗೋಡೆಗೆ ಒರಗಿ ನಿಂತಿದ್ದವನು ಹಾಗೇ ಜಾರಿ ನೆಲಕ್ಕೆ ಕೂತ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಒಂದು ತಿಂಗಳಿಂದ ಹೊತ್ತ ಭಾರ ಅವನ ಮೇಲಿಂದ ಇಳಿದಿತ್ತು. ಇಳಿದದ್ದು ಎಲ್ಲಿಗೆ ಹೋಯಿತು ಎಂಬುದೂ ಅವನಿಗೆ ಕಂಡಿತ್ತು.

ಜೊಂಡಿನವರ ಬೀಗ ಉಳಿಯಿತು. ಹದಿನಾಲ್ಕು ಜನ ಅಲ್ಲಿ ಸಾಕ್ಷಿಯಾಗಿ ಕೂತಿರುವಾಗ ಅದನ್ನು ಕಿತ್ತುಹಾಕಲು ಅಧಿಕಾರಿಗೆ ಬೇರೆ ಕಾರಣ ಸಿಗಲಿಲ್ಲ. ಅವಳನ್ನು ಕೆಲಸದಿಂದ ತೆಗೆದ ಆದೇಶ ನಾಲ್ಕನೆಯ ದಿನಕ್ಕೇ ಬಂತು. ಅಷ್ಟು ಚುರುಕಾಗಿ ಆ ಕಚೇರಿಯಿಂದ ಒಂದು ಕಾಗದ ಹೊರಟದ್ದನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ವಾರದೊಳಗೆ ಮನೆ ಬಿಡಬೇಕೆಂದಿತ್ತು.

ಸಾಮಾನು ಕಟ್ಟುವಾಗ ಮಗಳು ಸಹಾಯಕ್ಕೆ ನಿಂತಳು. ಪಾತ್ರೆಗಳನ್ನು ಹಳೆ ಪೇಪರಿನಲ್ಲಿ ಸುತ್ತಿದಳು, ಅಪ್ಪನ ಅಂಗಿಗಳನ್ನು ಮಡಚಿದಳು. ವಿಚಾರಣೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಜೊಂಡಿನವರು ಬಂದು ಅಮ್ಮನ ಕೈಹಿಡಿದುಕೊಂಡು ಹೋದಾಗಲೂ ಆಡಲಿಲ್ಲ. ಅರ್ಧ ಕಟ್ಟಿದ ಗಂಟಿನ ಮುಂದೆ ಕೂತು ಒಮ್ಮೆಲೇ ಕೇಳಿದಳು.

“ಅಮ್ಮ, ಅಪ್ಪ ಅವತ್ತು ಕೇಳಿರ್ಲಿಲ್ವಾ?”

ಬೀಗದಕ್ಕನಿಗೆ ಏನು ಅಂತ ಕೇಳಬೇಕಾಗಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ತೊಟ್ಟಿಲಿನಿಂದಲೇ ಆ ಕೂಗು ಕೇಳಿದವಳು.

ಬಸ್ಸಿಗೆ ತಡವಾಗಿತ್ತು ಅನ್ನಬಹುದಿತ್ತು. ಅವತ್ತು ಕೂಗಲೇ ಇಲ್ಲ ಅನ್ನಬಹುದಿತ್ತು. ಮೈದುನ ಬಿಟ್ಟರೆ ಕೇಳಿಸಿಕೊಂಡವರಿಲ್ಲ, ಅವನು ಬಾಯಿ ಬಿಡುವವನೂ ಅಲ್ಲ. ಸರ್ಕಾರದ ಮುಂದೆ ನಿಜ ಹೇಳುವುದು ಅವಳಿಗೆ ಅಭ್ಯಾಸವಿದ್ದ ಕೆಲಸ. ಇದು ಅದಲ್ಲ.

“ಕೇಳಿದ್ರು,” ಅಂದಳು.

“ನೀನು?”

“ಎಣಿಸ್ದೆ ಅಂದೆ.”

ಮಗಳು ಕೈಯಲ್ಲಿದ್ದ ಅಂಗಿಯನ್ನು ಮತ್ತೊಮ್ಮೆ ಮಡಚಿದಳು. ಅದನ್ನು ಗಂಟಿನ ಮೇಲಿಟ್ಟಳು. ಎದ್ದು ತನ್ನ ಬಟ್ಟೆಯ ಬ್ಯಾಗನ್ನು ಮಾತ್ರ ಬೇರೆ ಇಟ್ಟುಕೊಂಡಳು. “ಅಂಗಡೀಲಿ ಜೊತೆಗಿರೋಳ ರೂಮಲ್ಲಿ ಜಾಗ ಇದೆಯಂತೆ,” ಅಂದಳು, ಗೋಡೆಗೆ ಹೇಳಿದ ಹಾಗೆ. “ನಾನು ಅಲ್ಲಿಗೆ ಹೋಗ್ತೀನಿ.”

“ಊಟ?”

“ಮಾಡ್ಕೊಳ್ತೀನಿ.”

ಬೀಗದಕ್ಕ ತಡೆಯಲಿಲ್ಲ. ತಡೆಯಲು ಎದುರಿಗೆ ನಿಲ್ಲಬೇಕು, ನಿಂತರೆ ಮಗಳು ಮುಖ ನೋಡಬೇಕಾಗುತ್ತದೆ. ಆ ಶಿಕ್ಷೆ ಮಗಳಿಗೆ ಬೇಡ ಎನಿಸಿತು. ಬ್ಯಾಗು ಬಾಗಿಲಿಗೆ ತಗುಲಿದ ಸದ್ದು ಕೇಳಿ, ಪಾತ್ರೆ ಸುತ್ತುವುದನ್ನು ಮುಂದುವರಿಸಿದಳು.

ಈಗ ಅವಳು ಚಾಪೆಯವರ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಗಂಡನ ಪಾಲಿನ ಜೊಂಡನ್ನು ಅವಳೇ ಕೊಯ್ದುಕೊಳ್ಳಲಿ ಅಂತ ಜೊಂಡಿನವರ ಸಂಘ ತೀರ್ಮಾನಿಸಿತು. ಕೀಲಿ ತಂದುಕೊಟ್ಟವನು ಮೈದುನ. ಅದೇ ಕೀಲಿ, ಜೇಬಿನಲ್ಲಿ ಸಿಕ್ಕಿದ್ದು. ಕೊಡುವಾಗ ಅತ್ತಿಗೆ ಅಂದ, ಅಷ್ಟಕ್ಕೇ ನಿಲ್ಲಿಸಿದ. ಈಗಲೂ ಬೆಳಗಿನ ಹೊತ್ತು ಅವಳ ಗಾಡಿಯ ಹಿಂದೆ ನೂಕಲು ಬರುತ್ತಾನೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಮಗಳು ತಿಂಗಳಿಗೊಮ್ಮೆ ಬಂದು ಔಷಧಿ ಇಟ್ಟು ಹೋಗುತ್ತಾಳೆ. ಕೂರು ಅಂದರೆ ಹೊತ್ತಾಯ್ತು ಅನ್ನುತ್ತಾಳೆ.

ಗೇಟಿಗೆ ಹೊಸ ಪಾಲಕ ಬಂದಿದ್ದಾನೆ. ಒಳ್ಳೆಯ ಹುಡುಗನೇ, ಆದರೆ ಕುರ್ಚಿಯಿಂದ ಏಳುವುದಿಲ್ಲ. ಅವಳು ಜೊಂಡಿನ ಬೀಗ ತೆಗೆದು, ಗಾಡಿ ಒಳಗೆ ತಂದು, ಬೀಗ ಹಾಕಿದ ಮೇಲೂ ಅಲ್ಲಿಂದ ಹೋಗುವುದಿಲ್ಲ. ಒಂದೊಂದೇ ಬೀಗ ಜಗ್ಗುತ್ತಾಳೆ. ಕಚೇರಿ, ಜೇನು, ಜೊಂಡು, ಮೀನು. ತುರ್ತು ಬಂದಾಗ ಎರಡು ಸಲ. ದೋಣಿ.

“ಅಮ್ಮಾ, ಅದು ಸರ್ಕಾರಿ ಸಾಮಾನು, ಅಷ್ಟೊಂದು ಎಳೀಬೇಡಿ,” ಎಂದು ಹುಡುಗ ಕೂತಲ್ಲಿಂದಲೇ ಹೇಳುತ್ತಾನೆ. “ನಿಮ್ಮ ಬೀಗ ಹಾಕಿದ್ದೀರಲ್ಲ, ಸಾಕು, ಹೋಗಿ.”

ಅವಳು ಹೋಗುವುದಿಲ್ಲ. ಕೈ ಸರಪಳಿಯ ಮೇಲೆ ಇಟ್ಟುಕೊಂಡೇ ಒಂದು ಕ್ಷಣ ಜೊಂಡಿನ ಬಯಲಿನ ಕಡೆ ನೋಡುತ್ತಾಳೆ. ಗಾಳಿ ಬೀಸುತ್ತದೆ, ಜೊಂಡು ಒಂದೇ ಕಡೆಗೆ ಬಾಗುತ್ತದೆ. ಹಿಂದೆ ಮೈದುನ ಗಾಡಿಯ ಹಿಡಿ ಹಿಡಿದುಕೊಂಡು ಕಾಯುತ್ತಾನೆ. ಅವನಿಗೆ ಆ ಕೂಗು ಗೊತ್ತು. ಕೂಗಿದರೆ ಅವಳು ಉತ್ತರ ಕೊಡಬೇಕಾಗುತ್ತದೆ ಎಂಬುದೂ ಗೊತ್ತು.

ಅವನು ಕೂಗುವುದಿಲ್ಲ. ಅವಳು ಸೆರಗು ಬಿಗಿದು ಕುಡುಗೋಲು ತೆಗೆದುಕೊಳ್ಳುತ್ತಾಳೆ. ಇಬ್ಬನಿ ಆರುವುದರೊಳಗೆ ಕೊಯ್ದು ಮುಗಿಸಬೇಕು.